ಯುದ್ಧದ ಸಿನಿಮಾ ನೋಡಿ ಜಗಳಾಡಿದವನಿಗೆ

ತಮ್ಮಾ,

ನಿಮ್ಮ ಹಾಸ್ಟೆಲಿನ ಗದ್ದಲ ನೀನು ಫೋನು ಮಾಡುವ ಮೊದಲೇ ಇಲ್ಲಿ ನಮ್ಮೂರು ಹತ್ತಿಕುಣಿಗೆ ಬಂದು ಮುಟ್ಟಿತ್ತು. ಆನಂದ್ ಪಟವರ್ಧನ್ ಅವರ ‘ಜಂಗ್ ಔರ್ ಅಮನ್’ ಸಾಕ್ಷ್ಯಚಿತ್ರ ನೋಡಿದಿರಂತೆ. ಅರ್ಧಕ್ಕೇ ಒಬ್ಬ ಎದ್ದು ಇದು ದೇಶದ್ರೋಹಿಗಳ ಸಿನಿಮಾ ಎಂದನಂತೆ, ನೀನು ಅವನ ಮೇಲೆ ಏರಿ ಹೋದೆಯಂತೆ, ಉಳಿದ ಸಿನಿಮಾ ಯಾರೂ ನೋಡಲಿಲ್ಲವಂತೆ. ರಾತ್ರಿ ಮಾತ್ರ ಇಬ್ಬರೂ ಉದ್ದುದ್ದ ಸ್ಟೇಟಸ್ ಹಾಕಿದ್ದೀರಿ. ನಿಮ್ಮವ್ವ ಗಾಬರಿಯಾಗಿ ಬಂದು, ಇಂಥವೆಲ್ಲ ನೋಡಬೇಡ ಅಂತ ಅವನಿಗೆ ನೀವಾದರೂ ಹೇಳ್ರಿ ಎಂದಳು. ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ನೋಡು. ಆದರೆ ಪೂರ್ತಿ ನೋಡು. ನೋಡಿದ ಮೇಲೆ ಬಾಯಿ ಬಿಡುವ ಮೊದಲು ಒಂದಿಷ್ಟು ಕೆಲಸ ಇದೆ, ಅದನ್ನು ಮಾಡು ಎನ್ನುವುದಕ್ಕೇ ಈ ಕಾಗದ.

ಮೊದಲು ಆ ಸಿನಿಮಾದ ಹಣೆಬರಹ ಕೇಳು. 1998ರ ಮೇ 11 ಮತ್ತು 13ರಂದು ನಾವು ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದೆವು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನವೂ ಬಲೂಚಿಸ್ತಾನದಲ್ಲಿ ಸಿಡಿಸಿತು. ಆಗ ನೀನು ಹುಟ್ಟಿರಲಿಲ್ಲ. ಯಾದಗಿರಿಯ ಚಹಾ ಅಂಗಡಿಗಳಲ್ಲಿ ಪೇಡೆ ಹಂಚಿದ್ದನ್ನು ನಾನು ಕಂಡವನು. ನನ್ನ ಕೈಗೂ ಒಂದು ಬಂದಿತ್ತು, ತಿಂದೆ. ಆ ಸಂಭ್ರಮದ ಹಿಂದೆ ಏನಿದೆ ಎಂದು ನೋಡಲು ಪಟವರ್ಧನ್ ಕ್ಯಾಮೆರಾ ಹೊತ್ತು ಭಾರತ, ಪಾಕಿಸ್ತಾನ, ಜಪಾನ್, ಅಮೆರಿಕ ಎಲ್ಲ ಸುತ್ತಿದರು. 2002ರಲ್ಲಿ ಸಿನಿಮಾ ಮುಗಿಯಿತು. ಆಗ ಗಡಿಯ ಎರಡೂ ಕಡೆ ಸೈನ್ಯ ಎದುರುಬದುರು ನಿಂತಿದ್ದ ಕಾಲ. ಸೆನ್ಸಾರ್ ಮಂಡಳಿಯವರು ಮೊದಲು ಕೆಲವು ಕಡೆ ಕತ್ತರಿ ಹಾಕಿ ಎಂದರು. ಮರುಪರಿಶೀಲನೆಗೆ ಹೋದಾಗ ಕತ್ತರಿಯ ಪಟ್ಟಿ 21ಕ್ಕೆ ಏರಿತು. ಪ್ರಧಾನಿಯೂ ಸೇರಿದಂತೆ ರಾಜಕೀಯ ನಾಯಕರ ಭಾಷಣಗಳನ್ನೇ ತೆಗೆಯಬೇಕಂತೆ. ಬಯಲಲ್ಲಿ ಮೈಕು ಹಿಡಿದು ಲಕ್ಷ ಜನರ ಮುಂದೆ ಆಡಿದ ಮಾತು ಸಿನಿಮಾ ಮಂದಿರದಲ್ಲಿ ಕೇಳಬಾರದು ಅಂದರೆ ಏನರ್ಥವೋ! ಪಟವರ್ಧನ್ ಕೋರ್ಟಿಗೆ ಹೋದರು. 2003ರಲ್ಲಿ ಬಾಂಬೆ ಹೈಕೋರ್ಟು ಒಂದೂ ಕತ್ತರಿಯಿಲ್ಲದೆ ತೋರಿಸಬಹುದು ಎಂದಿತು.

ವರ್ಷಗಟ್ಟಲೆ ಓಡಾಡಿ ಒಬ್ಬ ಮನುಷ್ಯ ಉಳಿಸಿಕೊಂಡ ದೃಶ್ಯಗಳನ್ನು ನೀವು ಗದ್ದಲ ಮಾಡಿ ನೀವಾಗಿಯೇ ಕತ್ತರಿಸಿಬಿಟ್ಟಿರಿ. ಸೆನ್ಸಾರಿನವರಾದರೂ ಪೂರ್ತಿ ನೋಡಿ ಕತ್ತರಿ ಕೇಳಿದ್ದರು.

ನಿಮ್ಮ ಗದ್ದಲದಲ್ಲಿ ಕಳೆದುಹೋದ ಆ ಸಿನಿಮಾದಲ್ಲಿ ಏನೇನಿದೆ ಗೊತ್ತೇ? ಪೋಖ್ರಾನಿನ ಪಕ್ಕದ ಖೇತೋಲಾಯಿ ಎಂಬ ಹಳ್ಳಿಯ ಜನ ಇದ್ದಾರೆ. ಪರೀಕ್ಷೆಯ ನಂತರ ಇಡೀ ದೇಶ ಕುಣಿಯುವಾಗ ಅವರು ಬಿರುಕು ಬಿಟ್ಟ ಗೋಡೆ ನೋಡಿಕೊಳ್ಳುತ್ತ, ದನಕರುಗಳ ಬಗ್ಗೆ, ತಮ್ಮ ಮೈಗೆ ಬರುವ ಜಡ್ಡಿನ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಹಿರೋಷಿಮಾದಲ್ಲಿ ಬದುಕುಳಿದ ಮುದುಕರಿದ್ದಾರೆ. ಪೋಖ್ರಾನಿನಿಂದ ಸಾರನಾಥದವರೆಗೆ ಬಿಸಿಲಲ್ಲಿ ನಡೆದುಕೊಂಡು ಹೋದ ಶಾಂತಿಯಾತ್ರೆಯವರಿದ್ದಾರೆ. ಅವರನ್ನು ದಾರಿಯಲ್ಲಿ ತಡೆದು ಬೈಯುವವರೂ ಇದ್ದಾರೆ.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಲಾಹೋರಿನ ಒಂದು ಶಾಲೆಯ ದೃಶ್ಯ. ಹುಡುಗಿಯರ ಚರ್ಚಾಸ್ಪರ್ಧೆ. ಬಾಂಬು ಬೇಕೇ ಬೇಕು ಎಂದು ಒಬ್ಬೊಬ್ಬಳೂ ಆವೇಶದಿಂದ ಮಾತಾಡುತ್ತಾಳೆ, ಚಪ್ಪಾಳೆ ಬೀಳುತ್ತದೆ. ವೇದಿಕೆ ಇಳಿದ ಮೇಲೆ ಸುಮ್ಮನೆ ಕೂಡಿಸಿಕೊಂಡು ಕೇಳಿದರೆ, ಸ್ಪರ್ಧೆಗಾಗಿ ಆಡಿದ ಮಾತೇ ಬೇರೆ, ಮನಸ್ಸಿನಲ್ಲಿರುವುದೇ ಬೇರೆ ಎಂದು ಗೊತ್ತಾಗುತ್ತದೆ. ಮೇಷ್ಟ್ರಾಗಿದ್ದವನಿಗೆ ಇದು ಬಹಳ ಗುರುತಿನ ಸಂಗತಿ. ನಮ್ಮ ಶಾಲೆಯಲ್ಲೂ ಪರ ವಿರೋಧ ಎಂದು ಚೀಟಿ ಎತ್ತಿಸಿ ಮಾತಾಡಿಸುತ್ತಿದ್ದೆವು. ಚೀಟಿಯಲ್ಲಿ ಏನು ಬಂತೋ ಅದನ್ನೇ ಮಕ್ಕಳು ಜೀವ ಹೋಗುವ ಹಾಗೆ ವಾದಿಸುತ್ತಿದ್ದರು. ಗಟ್ಟಿ ದನಿಗೆ ಬಹುಮಾನ. ನಿಮ್ಮ ಹಾಸ್ಟೆಲಿನ ಆ ರಾತ್ರಿ ಯಾರು ಯಾವ ಚೀಟಿ ಎತ್ತಿದ್ದರು ಎಂದು ನಿನ್ನನ್ನು ನೀನೇ ಕೇಳಿಕೋ. ಆ ಹುಡುಗ ದೇಶದ್ರೋಹ ಎನ್ನದೇ ಇದ್ದಿದ್ದರೆ ನಿನಗೆ ಆ ಸಿನಿಮಾ ಅಷ್ಟು ಇಷ್ಟವಾಗುತ್ತಿತ್ತೇ? ನಿನ್ನ ಸ್ಟೇಟಸ್ಸನ್ನು ಓದಿದೆ. ಖೇತೋಲಾಯಿಯ ಹೆಸರು ಅದರಲ್ಲಿಲ್ಲ. ಆ ಹುಡುಗನ ಹೆಸರು ಎರಡು ಸಲ ಇದೆ.

ಯುದ್ಧದ ಚಿತ್ರ ನೋಡಿದಾಗ ಮೈ ಬಿಸಿಯಾಗುತ್ತದೆ. ಆಗಲಿ. ಬಿಸಿಯಾಗದ ಮೈಯನ್ನು ನಾನು ನಂಬುವುದಿಲ್ಲ. ಆದರೆ ಆ ಬಿಸಿಯನ್ನೇ ನಿನ್ನ ಅಭಿಪ್ರಾಯ ಎಂದು ಲೋಕಕ್ಕೆ ಹಂಚುವುದು ಹಸಿ ತೊಗರಿಯನ್ನು ಕೊಯ್ದು ಅವತ್ತೇ ರಾಶಿಗೆ ಹಾಕಿದ ಹಾಗೆ. ಒಣಗಲು ಬಿಡು. ಈ ಫೋನಿನ ಕಾಲದಲ್ಲಿ ಅದಕ್ಕೇ ಪುರಸೊತ್ತಿಲ್ಲ. 2025ರ ಮೇ ತಿಂಗಳಲ್ಲಿ ಮತ್ತೆ ಗಡಿಯಲ್ಲಿ ಕಾದಾಟ ಎದ್ದಾಗ ವಿಡಿಯೋ ಗೇಮಿನ ದೃಶ್ಯಗಳನ್ನೇ ನಿಜವಾದ ವಿಮಾನ ದಾಳಿ ಎಂದು ಎರಡೂ ದೇಶದವರು ಹಂಚಿದರು. ನಮ್ಮ ಊರಿನ ಗ್ರೂಪಿಗೂ ಬಂದಿತ್ತು. ಹಂಚಿದವರು ಕೆಟ್ಟವರಲ್ಲ, ಅವಸರದವರು. ಅವಸರ ಇಂಥ ಹೊತ್ತಿನಲ್ಲಿ ಕೆಟ್ಟತನದಷ್ಟೇ ಕೆಲಸ ಮಾಡುತ್ತದೆ.

ಇನ್ನೊಂದು. ಆ ಹುಡುಗನ ಮಾತನ್ನೂ ಒಂದಿಷ್ಟು ತೂಗಿ ನೋಡು. ಪಟವರ್ಧನ್ ನಡುವೆ ನಿಂತು ತಕ್ಕಡಿ ಹಿಡಿದವರಲ್ಲ. ಅವರಿಗೆ ಒಂದು ಪಕ್ಷ ಇದೆ, ಅದು ಯುದ್ಧ ಬೇಡ ಎನ್ನುವ ಪಕ್ಷ. ಗಾಂಧಿ ಹತ್ಯೆಯ ದೃಶ್ಯಗಳಿಂದ ಸಿನಿಮಾ ಶುರು ಮಾಡಿ ಅದನ್ನು ಮೊದಲೇ ಹೇಳಿಬಿಡುತ್ತಾರೆ, ಬಚ್ಚಿಡುವುದಿಲ್ಲ. 1962ರಲ್ಲಿ ಚೀನಾದ ಕೈಲಿ ಪೆಟ್ಟು ತಿಂದ ದೇಶ, 1964ರಲ್ಲಿ ಅದೇ ಚೀನಾ ಬಾಂಬು ಸಿಡಿಸಿದ್ದನ್ನು ಕಂಡ ದೇಶ, ಕೈಕಟ್ಟಿ ಕೂಡಬೇಕಿತ್ತೇ ಎಂಬ ಪ್ರಶ್ನೆಗೆ ಆ ಸಿನಿಮಾ ಹೆಚ್ಚು ಹೊತ್ತು ಕೊಡುವುದಿಲ್ಲ. ಅದನ್ನು ಕೇಳಿದವನು ಮೂರ್ಖನೂ ಅಲ್ಲ, ರಕ್ತಪಿಪಾಸುವೂ ಅಲ್ಲ. ಅವನ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿದ್ದಾರೆಯೇ ಎಂದು ಕೇಳಿದೆಯಾ? ನೋಡು, ನಮ್ಮ ಕನ್ನಡನಾಡೇ ಎರಡೂ ಕಡೆಗೆ ದೊಡ್ಡವರನ್ನು ಕೊಟ್ಟಿದೆ. 1974ರ ಮೊದಲ ಅಣುಪರೀಕ್ಷೆಯ ಮುಂದಾಳು ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು, ಪಿಯಾನೋ ನುಡಿಸುತ್ತಿದ್ದ ವಿಜ್ಞಾನಿ. ಕೈಗಾದ ಅಣುಸ್ಥಾವರ ಬೇಡ ಎಂದು ಇಳಿವಯಸ್ಸಿನಲ್ಲಿ ಬೀದಿಗಿಳಿದವರು ಶಿವರಾಮ ಕಾರಂತರು. 1989ರಲ್ಲಿ ಲೋಕಸಭೆಗೆ ನಿಂತೂ ನೋಡಿದರು, ಸೋತರು. ಇಬ್ಬರಲ್ಲಿ ಯಾರು ದ್ರೋಹಿ? ಹೇಳಲು ಬಾಯಿ ಬರುತ್ತದೆಯೇ?

ಕ್ಯಾಮೆರಾ ಯಾರ ಕೈಲಿದೆ ಎಂದು ಕೇಳುವ ಅಭ್ಯಾಸ ಮಾಡಿಕೋ. ಅದಕ್ಕೆ ದೂರ ಹೋಗುವುದು ಬೇಡ. ನಮ್ಮ ಸುರಪುರವೇ ಇದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ಎದ್ದ, ಸೋತ, ಹೈದರಾಬಾದಿಗೆ ಹೋದ, ಸಿಕ್ಕಿಬಿದ್ದ. ಇನ್ನೂ ಇಪ್ಪತ್ತೈದು ತುಂಬದ ಹುಡುಗ. ಅವನ ಕಥೆಯನ್ನು ಲೋಕಕ್ಕೆ ಮೊದಲು ವಿಸ್ತಾರವಾಗಿ ಹೇಳಿದವನು ಯಾರು? ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ರಾಜ ಅವನನ್ನು ಅಪ್ಪಾ ಎನ್ನುತ್ತಿದ್ದನಂತೆ. ಟೇಲರ್ ಸತ್ತ ಮೇಲೆ 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ರಾಜನ ಜಾತಕ ಬರುತ್ತದೆ. ಇಪ್ಪತ್ತನಾಲ್ಕನೇ ವರ್ಷಕ್ಕೆ ಸಾವು ಎಂದು ಜೋಯಿಸರು ಮೊದಲೇ ಹೇಳಿದ್ದರೆನ್ನುವ ಮಾತು ಬರುತ್ತದೆ. ಮರಣದಂಡನೆ ಇಳಿಸಿ ಕೆಲವು ವರ್ಷದ ಸೆರೆ ಎಂದು ಮಾಡಿ ಸಾಗಿಸುವಾಗ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡ ಎಂದು ಬರುತ್ತದೆ. ಟೇಲರ್ ಅದನ್ನು ಪ್ರೀತಿಯಿಂದಲೇ ಬರೆದಿದ್ದಾನೆ, ಓದಿದರೆ ಕಣ್ಣು ಒದ್ದೆಯಾಗುತ್ತದೆ.

ಈಗ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿಕೊಂಡು ಕೆಳಗಿಳಿದು ಬಂದು ಯಾವನಾದರೂ ಹಿರಿಯನನ್ನು ಕೇಳು. ರಾಜ ತಾನೇ ಗುಂಡು ಹಾರಿಸಿಕೊಂಡ ಎಂದರೆ ನಗುತ್ತಾನೆ. ಕೊಂದರು ಎನ್ನುತ್ತಾನೆ. ಸೆರೆಯಾಳಿನ ಕೈಗೆ ತುಂಬಿದ ಪಿಸ್ತೂಲು ಹೇಗೆ ಸಿಕ್ಕಿತು ಎಂದು ತಿರುಗಿ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಟೇಲರ್ ಬರೆದದ್ದೆಲ್ಲ ಸುಳ್ಳು ಎನ್ನುವಂತಿಲ್ಲ, ಅವನು ಬರೆಯದೇ ಹೋಗಿದ್ದರೆ ಎಷ್ಟೋ ವಿವರ ಮಣ್ಣಾಗುತ್ತಿದ್ದವು. ಅವನದೇ ಕೊನೆಯ ಮಾತು ಎನ್ನುವಂತೆಯೂ ಇಲ್ಲ. ಟೇಲರನನ್ನು ಓದಿದ ಕಣ್ಣಿನಲ್ಲೇ ಪಟವರ್ಧನರನ್ನೂ ನೋಡು, ಟಿವಿಯಲ್ಲಿ ಕೂಗುವವರನ್ನೂ ನೋಡು. ಮುಖ್ಯವಾಗಿ, ಸರಕಾರದ ಕಡತವನ್ನೂ ಹಾಗೆಯೇ ನೋಡು.

ಕಡತ ಎಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1948ರ ಸೆಪ್ಟೆಂಬರ್ 13ರಿಂದ 17, ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ದೇಶಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಧ್ವಜ ಹಾರಿಸುತ್ತೇವೆ, ಹಾರಿಸಬೇಕು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಕಥೆ ಕೇಳಿಯೇ ನಾನು ಬೆಳೆದೆ; ರಾತ್ರಿ ದೀಪ ಆರಿಸಿ ಹೊಲದಲ್ಲಿ ಮಲಗಿದ ಮನೆಗಳು ಈ ಸೀಮೆಯಲ್ಲಿ ಎಷ್ಟೋ. ಅದೇ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದ ಇನ್ನೊಂದು ಕಥೆಯೂ ಇತ್ತು, ಕಾರ್ಯಾಚರಣೆಯ ನಂತರದ ವಾರಗಳದ್ದು. ನೆಹರೂ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ತಿರುಗಿ ವರದಿ ಕೊಟ್ಟಿತ್ತು: ಕಡಿಮೆ ಎಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು, ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು ಎಂದು. ಆಗ ಯಾದಗಿರಿ ಗುಲಬರ್ಗಾದಲ್ಲೇ ಇತ್ತು. ಸತ್ತವರು ಹೆಚ್ಚಾಗಿ ಮುಸಲ್ಮಾನರು. ಆ ವರದಿ ಹಲವು ದಶಕ ಕಪಾಟಿನಲ್ಲೇ ಕೂತಿತ್ತು. ಈ ಎರಡು ಕಥೆಗಳಲ್ಲಿ ಒಂದನ್ನೇ ಹಿಡಿದು ಇನ್ನೊಬ್ಬರ ತಲೆಗೆ ಬಡಿಯುವವರು ಈಗ ಎರಡೂ ಕಡೆ ಇದ್ದಾರೆ. ಅವರ ಕೈಗೆ ನೀನು ಕಲ್ಲು ಕೊಡಬೇಡ. ಎರಡನ್ನೂ ಒಂದೇ ಬಾಯಲ್ಲಿ ಹೇಳುವುದು ಕಷ್ಟ, ಆದರೂ ನನ್ನಪ್ಪ ಹೇಳುತ್ತಿದ್ದ.

ಈಗ ನಾನು ನಿನಗೆ ಹಚ್ಚಬೇಕೆಂದಿರುವ ಕೆಲಸಕ್ಕೆ ಬರುತ್ತೇನೆ.

ಆ ಸಿನಿಮಾದಲ್ಲಿ ಜಾದೂಗೋಡಾ ಎಂಬ ಊರು ಬರುತ್ತದೆ. ಈಗಿನ ಝಾರ್ಖಂಡಿನಲ್ಲಿದೆ. ನಮ್ಮ ದೇಶದ ಯುರೇನಿಯಂ ಗಣಿಗಾರಿಕೆ ಶುರುವಾದ ಜಾಗ. ಯುರೇನಿಯಂ ಕಾರ್ಪೊರೇಶನ್ನು 1967ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ. ಮಣ್ಣಿನಿಂದ ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರನ್ನು ದೊಡ್ಡ ಕಟ್ಟೆ ಕಟ್ಟಿ ತುಂಬುತ್ತಾರೆ. ಒಂದು ಟನ್ನು ಕಲ್ಲಿನಲ್ಲಿ ಸಿಗುವ ಯುರೇನಿಯಂ ತೀರ ಸ್ವಲ್ಪ, ಉಳಿದದ್ದೆಲ್ಲ ಆ ಕೆಸರೇ. ರೇಡಿಯಂನಂಥವು ಅದರಲ್ಲೇ ಉಳಿದು ಸಾವಿರಾರು ವರ್ಷ ವಿಕಿರಣ ಬಿಡುತ್ತವೆ. ಆ ಕಟ್ಟೆಯ ಪಕ್ಕದ ಆದಿವಾಸಿಗಳು ತಮ್ಮ ಮಕ್ಕಳ ಅಂಗವೈಕಲ್ಯವನ್ನು, ತಮ್ಮ ಜಡ್ಡನ್ನು ಗಣಿಯ ತಲೆಗೆ ಕಟ್ಟುತ್ತಾರೆ. ಕಂಪನಿಯವರು ಇಲ್ಲ ಎನ್ನುತ್ತಾರೆ. ಅದೇ ಊರಿನ ಮೇಲೆ ಶ್ರೀಪ್ರಕಾಶ್ ಎಂಬವರು 1999ರಲ್ಲಿ ಮಾಡಿದ ಬೇರೆ ಸಾಕ್ಷ್ಯಚಿತ್ರವೇ ಇದೆ, ಬುದ್ಧ ಜಾದೂಗೋಡಾದಲ್ಲಿ ಅಳುತ್ತಾನೆ ಎನ್ನುವ ಹೆಸರಿನದು. 1974ರ ಪರೀಕ್ಷೆಗೆ ನಗುವ ಬುದ್ಧ ಎಂದು ಹೆಸರಿಟ್ಟಿದ್ದರಲ್ಲ, 1998ರ ಪರೀಕ್ಷೆ ಬುದ್ಧಪೂರ್ಣಿಮೆಯ ದಿನವೇ ಶುರುವಾಯಿತಲ್ಲ, ಅದಕ್ಕೆ ಕೊಟ್ಟ ಉತ್ತರ.

ಝಾರ್ಖಂಡ್ ದೂರ ಎಂದು ನೀನು ಸುಮ್ಮನಾಗಬಹುದು. ಆದರೆ ಭೀಮಾ ದಾಟಿ ಶಹಾಪುರಕ್ಕೆ ಹೋಗು. ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧ ಕಾಣುತ್ತಾನೆ, ನೀನೂ ಸೆಲ್ಫಿ ತೆಗೆಸಿಕೊಂಡಿದ್ದೀಯ. ಅದೇ ತಾಲೂಕಿನ ಗೋಗಿಯ ನೆಲದಡಿ ಯುರೇನಿಯಂ ಇದೆ. ಭೀಮಾ ಕೊಳ್ಳದ ಸುಣ್ಣಗಲ್ಲು ಬಿರುಕು ಬಿಟ್ಟ ಕಡೆ, ಗೋಗಿಯಿಂದ ಕುರ್ಲಗೇರಿಯ ಕಡೆಗೆ ಹೋಗುವ ಸಾಲಿನಲ್ಲಿ, ಅಣುಖನಿಜ ಇಲಾಖೆಯವರು ಅದನ್ನು ಪತ್ತೆ ಹಚ್ಚಿದರು. ಜಾದೂಗೋಡಾದ್ದಕ್ಕಿಂತ ಒಳ್ಳೆಯ ದರ್ಜೆಯ ಅದಿರು ಎನ್ನುತ್ತಾರೆ. ಪ್ರಾಯೋಗಿಕವಾಗಿ ಸುರಂಗ ತೋಡಿದರು. ಗಣಿಯೂ ಬರುತ್ತದೆ, ಅದಿರು ಅರೆಯುವ ಗಿರಣಿಯೂ ಬರುತ್ತದೆ ಎಂದು ಸುದ್ದಿ ಎದ್ದಾಗ ಊರವರು ಬೇಡ ಎಂದರು. ಹೊಲ, ಬಾವಿ ನೀರು, ಮಕ್ಕಳು, ಅವರ ಹೆದರಿಕೆಯ ಪಟ್ಟಿ ಖೇತೋಲಾಯಿಯವರ ಪಟ್ಟಿಯೇ. ಕೆಲಸ ಸಿಗುತ್ತದೆ, ಗುಳೆ ಹೋಗುವುದು ತಪ್ಪುತ್ತದೆ, ಬರಲಿ ಬಿಡ್ರಿ ಎನ್ನುವವರೂ ಇದ್ದರು. ಬೇಸಿಗೆಯಲ್ಲಿ ಅರ್ಧ ಊರು ಪುಣೆ, ಮುಂಬೈ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಜಿಲ್ಲೆ ನಮ್ಮದು. ಆ ಮಾತನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ತಿಂಗಳ ಪಿಂಚಣಿ ಎಣಿಸುವ ನನಗಿಲ್ಲ, ಅಪ್ಪನ ದುಡ್ಡಿನಲ್ಲಿ ಓದುವ ನಿನಗೂ ಇಲ್ಲ.

ಅಲ್ಲಿನ ಯುರೇನಿಯಂ ನೇರವಾಗಿ ಬಾಂಬಿಗೇ ಹೋಗುತ್ತದೆ ಎಂದು ಸ್ಟೇಟಸ್ ಹಾಕಿಬಿಟ್ಟೀಯೆ ಮತ್ತೆ! ಅಂಥ ಅದಿರಿನ ಹಳದಿ ಪುಡಿ ಹೈದರಾಬಾದಿನ ಅಣು ಇಂಧನ ಕಾರ್ಖಾನೆಗೆ ಹೋಗಿ ವಿದ್ಯುತ್ ಸ್ಥಾವರದ ಇಂಧನವಾಗುತ್ತದೆ. ನಿನ್ನ ಫೋನು ಚಾರ್ಜಾಗುವ ಕರೆಂಟಿನಲ್ಲಿ ಕೈಗಾದ್ದೂ ಒಂದು ಪಾಲು ಇರಬಹುದು. ವಿಷಯ ಅಷ್ಟು ಸರಳವಾಗಿದ್ದಿದ್ದರೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಬಾಂಬಿಗಾಗಲಿ ಬಲ್ಬಿಗಾಗಲಿ, ಮೊದಲು ಅಗೆಯುವುದು ಯಾರದೋ ಹೊಲವನ್ನು. ಪಟವರ್ಧನರ ಸಿನಿಮಾದಲ್ಲಿ ನನಗೆ ದಕ್ಕಿದ್ದು ಆ ಭಾಗ. ನಾಯಕರ ಭಾಷಣ ಮರೆತುಹೋಯಿತು, ಜಾದೂಗೋಡಾ ಮರೆಯಲಿಲ್ಲ, ಯಾಕೆಂದರೆ ನನಗೆ ಗೋಗಿ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ, ಹಾಗಾಗಿ ನಿನಗೆ ನೆನಪುಳಿದದ್ದು ಪಕ್ಕದ ಕುರ್ಚಿಯವನ ಮಾತು.

ಅದಕ್ಕೇ ಗೋಗಿಗೆ ಹೋಗು ಎನ್ನುತ್ತೇನೆ. ಅಲ್ಲಿ ಚಂದಾ ಹುಸೇನಿ ದರ್ಗಾ ಇದೆ. ಬಿಜಾಪುರದ ಆದಿಲಶಾಹಿ ಕಟ್ಟಿದ ಯೂಸುಫ್ ಆದಿಲ್ ಶಾ ಅಲ್ಲೇ ಮಣ್ಣಾಗಿದ್ದಾನೆ, ಬದುಕಿಡೀ ಕತ್ತಿ ಹಿಡಿದವನು. ಅವನ ಮೇಲೂ ಕೆಳಗೂ ಏನೇನಿದೆ ಎಂದು ನಾನು ಕಥೆ ಕಟ್ಟುವುದಿಲ್ಲ, ನೀನೂ ಕಟ್ಟಬೇಡ. ಕಟ್ಟೆಯ ಮೇಲೆ ಕೂತವರ ಹತ್ತಿರ ಕೂಡು. ಮೊಬೈಲು ಕಿಸೆಯಲ್ಲಿರಲಿ. ಮೊದಲೇ ಸಿನಿಮಾದ ಮಾತು ತೆಗೆಯಬೇಡ. ಬೆಳೆ ಹೇಗಿದೆ, ಬೋರಿನಲ್ಲಿ ನೀರು ಎಷ್ಟಿದೆ ಎಂದು ಕೇಳು, ಗಣಿಯ ಮಾತು ತಾನಾಗಿ ಬರುತ್ತದೆ. ಬೇಡ ಎನ್ನುವವರನ್ನೂ ಬರಲಿ ಎನ್ನುವವರನ್ನೂ ಕೇಳಿಕೋ. ಹೆಂಗಸರು ಏನನ್ನುತ್ತಾರೆ ಎಂದು ಮರೆಯದೆ ಕೇಳು. ನೀರು ಹೊರುವವರು ಅವರು, ಸಭೆಯಲ್ಲಿ ಮಾತಾಡುವವರು ಮಾತ್ರ ಗಂಡಸರು.

ಹೋಗುವಾಗ ಆ ಹುಡುಗನನ್ನೂ ಕರೆದುಕೊಂಡು ಹೋಗು. ಹೌದು, ಅವನನ್ನೇ. ಕ್ಷಮೆ ಕೇಳು, ಕೈ ಕುಲುಕು ಎಂದೆಲ್ಲ ನಾಟಕ ಬೇಡ. ಬಸ್ಸಿಗೆ ಬರುತ್ತೀಯೇನೋ ಎಂದು ಕೇಳಿದರೆ ಸಾಕು. ಅವನು ಯಾವ ಊರಿನವನೋ ನನಗೆ ತಿಳಿಯದು, ಈ ಕಡೆಯವನಾದರೆ ಅವನ ಊರಿನಲ್ಲೂ ಒಂದು ಬಾವಿ ಇದ್ದೇ ಇರುತ್ತದೆ. ತಿರುಗಿ ಬಂದ ಮೇಲೆ ಇಬ್ಬರೂ ಕೂತು ಆ ಸಿನಿಮಾ ಮೊದಲಿನಿಂದ ಕೊನೆಯವರೆಗೆ ನೋಡಿ. ಆಗಲೂ ಅವನಿಗೆ ಸಿಟ್ಟು ಬಂದರೆ ಯಾವ ದೃಶ್ಯಕ್ಕೆ ಬಂತು ಎಂದು ಕೇಳು, ಬರೆದುಕೋ. ನಿನಗೆ ಬಂದರೂ ಹಾಗೇ.

ನಿಮ್ಮವ್ವನಿಗೆ ನಾನು ಸಮಾಧಾನ ಹೇಳಿ ಕಳಿಸಿದ್ದೇನೆ. ಸ್ಟೇಟಸ್ಸಿನಲ್ಲಿ ಆ ಹುಡುಗನ ಹೆಸರು ಇನ್ನೂ ಇದ್ದರೆ ಇವತ್ತೇ ತೆಗೆ. ಗೋಗಿಗೆ ಹೊರಡುವ ಹಿಂದಿನ ದಿನ ಫೋನು ಮಾಡು. ಮೊಣಕಾಲು ಒಪ್ಪಿದರೆ ನಾನೂ ಬರುತ್ತೇನೆ, ಯಾದಗಿರಿ ಬಸ್ ನಿಲ್ದಾಣದಲ್ಲಿ ಸಿಗೋಣ.